ಕಾಲುವೆಯ ಹೊನಗೊನ್ನೆ

ಪರಿಸರದ ಬಗ್ಗೆ ಭಾಷಣ ಮಾಡುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಅಷ್ಟಕ್ಕಷ್ಟೆ. ಹಾಗಿದ್ದವನು ಕೊರೊನಾ ಬಂದ ವರ್ಷ ಸ್ವತಃ ಭಾಷಣ ಮಾಡಿದೆ, ಮೆಚ್ಚುಗೆ ಗಿಟ್ಟಿಸಿದೆ, ಅದೇ ವರ್ಷ ಜಪಾನಿನ ಒಂದು ಹಳ್ಳಿಯ ಕಾಲುವೆಯನ್ನು ಕೈಯಾರೆ ಹಾಳು ಮಾಡಿದೆ. ಎರಡೂ ಕೆಲಸವನ್ನು ಒಂದೇ ಉತ್ಸಾಹದಿಂದ ಮಾಡಿದೆ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ.

ಕಾರಿನ ಬಿಡಿಭಾಗ ಮಾಡುವ ಕಂಪನಿಯೊಂದು ನನ್ನನ್ನು ಅಲ್ಲಿಗೆ ಕಳಿಸಿತ್ತು. ಆ ಜಿಲ್ಲೆಯ ನಕ್ಷೆ ತೆಗೆದರೆ ನಡುವೆ ಸರೋವರ, ಅದರ ಅಂಚಿಗೆ ಗದ್ದೆ, ಗದ್ದೆಯ ಆಚೆ ಬೆಟ್ಟ. ಮನುಷ್ಯರು ಉಳಿದ ಜಾಗದಲ್ಲಿ ಹೇಗೋ ಹೊಂದಿಕೊಂಡಿದ್ದಾರೆ. ಅಲ್ಲಿ ಸರೋವರ ಎಂದರೆ ಮನೆಯ ಹಿರಿಯರಿದ್ದ ಹಾಗೆ. ಅದರ ಮುಂದೆ ಯಾರೂ ಗಟ್ಟಿಯಾಗಿ ಕೂಡ ಮಾತಾಡುವುದಿಲ್ಲ. ಪಾತ್ರೆ ತೊಳೆಯುವ ಸೋಪು ಯಾವುದಿರಬೇಕು, ಜೊಂಡು ಯಾವ ತಿಂಗಳು ಕೊಯ್ಯಬೇಕು, ಎಲ್ಲಕ್ಕೂ ನಿಯಮ. ದಡದಲ್ಲಿ ಒಂದು ದೊಡ್ಡ ಡಬ್ಬ ಇಟ್ಟಿದ್ದರು. ಗಾಳಕ್ಕೆ ಸಿಕ್ಕಿದ್ದು ಹೊರದೇಶದ ಜಾತಿಯ ಮೀನಾದರೆ ಅದನ್ನು ಮತ್ತೆ ನೀರಿಗೆ ಬಿಡುವಂತಿಲ್ಲ, ಆ ಡಬ್ಬಕ್ಕೆ ಹಾಕಬೇಕು. ಅದರ ಮುಂದೆ ಹೋಗುವಾಗೆಲ್ಲ ನಾನು ಸ್ವಲ್ಪ ಬೇಗ ಹೆಜ್ಜೆ ಹಾಕುತ್ತಿದ್ದೆ. ನನ್ನ ಹತ್ತಿರ ವೀಸಾ ಇತ್ತು, ಮೀನಿನ ಹತ್ತಿರ ಇರಲಿಲ್ಲ, ಅಷ್ಟೇ ವ್ಯತ್ಯಾಸ.

ನಮ್ಮದು ಇಪ್ಪತ್ತು ಮನೆಗಳ ಹಳ್ಳಿ. ಮನೆಯ ಹಿಂದೆ ಸಣ್ಣ ಕಾಲುವೆ, ಕಾಲುವೆಯ ಆಚೆ ಪಕ್ಕದ ಮನೆಯ ಅಜ್ಜಿಯ ಗದ್ದೆ. ಅಜ್ಜಿಗೆ ಎಂಬತ್ತು ದಾಟಿತ್ತು, ಬೆನ್ನು ಬಾಗಿತ್ತು, ಆದರೆ ಗದ್ದೆಯ ಕೆಲಸ ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ. ಪ್ರತಿ ವಸಂತದಲ್ಲೂ ಅವರು ಕಾಲುವೆಗೆ ಅಡ್ಡಲಾಗಿ, ಒಂದಕ್ಕಿಂತ ಒಂದು ಸ್ವಲ್ಪ ಎತ್ತರವಾಗಿ, ಮರದ ಹಲಗೆಗಳನ್ನು ಕೂರಿಸುತ್ತಿದ್ದರು. ಆಗ ಕಾಲುವೆಯ ನೀರು ಮೆಟ್ಟಿಲು ಮೆಟ್ಟಿಲಾಗಿ ಏರಿ ಗದ್ದೆಯ ಮಟ್ಟಕ್ಕೆ ಬರುತ್ತದೆ. ಮೇ ತಿಂಗಳ ಮಳೆಗೆ ಸರೋವರದ ಗೆಂಡೆ ಮೀನುಗಳು ಆ ಮೆಟ್ಟಿಲು ಹಾರಿ ಗದ್ದೆಗೆ ಬಂದು ಮೊಟ್ಟೆ ಇಡುತ್ತವೆ. ಮರಿಗಳು ಪೈರಿನ ಬುಡದಲ್ಲಿ ಬೆಳೆದು ಅಲ್ಲಿಯ ಬೇಸಿಗೆಯ ನಡುವೆ, ಜುಲೈನಲ್ಲಿ, ಗದ್ದೆಯಿಂದ ಬಿಡುವ ನೀರಿನ ಜೊತೆ ಸರೋವರಕ್ಕೆ ವಾಪಸಾಗುತ್ತವೆ. ಗಂಡ ಹೋದ ಮೇಲೂ ಅಜ್ಜಿ ಒಂದು ವರ್ಷವೂ ಹಲಗೆ ತಪ್ಪಿಸಿರಲಿಲ್ಲ. ಮೊದಲ ಮೀನು ಹಾರಿದ ದಿನ ಅವರು ನಮ್ಮ ಮನೆಯ ಬಾಗಿಲು ತಟ್ಟಿ ಕರೆದುಕೊಂಡು ಹೋಗಿ ತೋರಿಸುತ್ತಿದ್ದರು. ನಾನು ಫೋಟೋ ತೆಗೆದು ಬೆಂಗಳೂರಿಗೆ ಕಳಿಸುತ್ತಿದ್ದೆ.

ಅವರು ಬಾಗಿಲು ತಟ್ಟುತ್ತಿದ್ದ ಇನ್ನೊಂದು ಸಂದರ್ಭವೂ ಇತ್ತು. ಹಳ್ಳಿಯ ಸಂಘದ ಸೂಚನೆಗಳನ್ನೆಲ್ಲ ಒಂದು ರಟ್ಟಿಗೆ ಸಿಕ್ಕಿಸಿ ಮನೆಯಿಂದ ಮನೆಗೆ ದಾಟಿಸುತ್ತಾರೆ. ಓದಿದ್ದೇವೆ ಎನ್ನುವುದಕ್ಕೆ ಪ್ರತಿ ಮನೆಯವರೂ ತಮ್ಮ ಚೌಕದಲ್ಲಿ ಮುದ್ರೆ ಒತ್ತಬೇಕು. ನಮಗೆ ಆ ರಟ್ಟು ಬರುತ್ತಿದ್ದುದು ಅಜ್ಜಿಯಿಂದ. ನನಗೆ ಕಾರ್ಖಾನೆಗೆ ಬೇಕಾದಷ್ಟು ಜಪಾನೀಸ್ ಬರುತ್ತದೆ, ಕಾಗದ ಓದುವಷ್ಟು ಬರುವುದಿಲ್ಲ. ಅಜ್ಜಿ ಬಾಗಿಲಲ್ಲೇ ನಿಂತು, ಕೈ ಬಾಯಿ ಎಲ್ಲ ಬಳಸಿ, ಯಾವ ವಾರ ಯಾವ ಕಸ, ಯಾವ ಭಾನುವಾರ ಚರಂಡಿ ಶುಚಿ ಎಂದು ತಿಳಿಸಿ ಹೋಗುತ್ತಿದ್ದರು. ನಾನು ತಲೆಯಾಡಿಸಿ ಮುದ್ರೆ ಒತ್ತುತ್ತಿದ್ದೆ.

ಕೊರೊನಾ ಬಂತು. ಬಾಗಿಲು ತಟ್ಟುವುದು ನಿಂತಿತು. ರಟ್ಟು ಈಗ ಪ್ಲಾಸ್ಟಿಕ್ ಚೀಲದಲ್ಲಿ ಸದ್ದಿಲ್ಲದೆ ನಮ್ಮ ಅಂಚೆ ಡಬ್ಬಿಗೆ ಬಂದು ಬೀಳುತ್ತಿತ್ತು. ಒಂದು ಪುಟವನ್ನು ಫೋನಿಗೆ ತೋರಿಸಿ ಅರ್ಥ ಮಾಡಿಕೊಳ್ಳಲು ಅರ್ಧ ಗಂಟೆ ಬೇಕು, ಮುದ್ರೆ ಒತ್ತಲು ಅರೆಗಳಿಗೆ ಸಾಕು. ನಾನು ಇಂಡಿಯಾದ ಆಫೀಸುಗಳಲ್ಲಿ ತಯಾರಾದವನು. ಓದದೆ ಸಹಿ ಹಾಕುವುದರಲ್ಲಿ ನನ್ನಷ್ಟು ಅನುಭವ ಆ ಹಳ್ಳಿಯಲ್ಲಿ ಯಾರಿಗೂ ಇರಲಿಲ್ಲ. ಒಂದು ಸಲ ರಟ್ಟಿನಲ್ಲಿ ಯಾವುದೋ ಗಿಡದ ಕಪ್ಪುಬಿಳುಪು ಚಿತ್ರವಿತ್ತು. ಜೆರಾಕ್ಸಿನ ಮೇಲೆ ಜೆರಾಕ್ಸ್ ಆಗಿ ಅದು ಗಿಡವೋ ಮಸಿಯೋ ತಿಳಿಯುವಂತಿರಲಿಲ್ಲ. ತೋಟಗಾರಿಕೆಯ ವಿಷಯ ಇರಬೇಕು ಅಂದುಕೊಂಡು, ಮುದ್ರೆ ಒತ್ತಿ ಮುಂದಿನ ಮನೆಯ ಡಬ್ಬಿಗೆ ಹಾಕಿದೆ.

ಅದೇ ದಿನಗಳಲ್ಲಿ ನಮಗೆ ಸೊಪ್ಪಿನ ಬರ ಹತ್ತಿತ್ತು. ಮೊದಲು ತಿಂಗಳಿಗೊಮ್ಮೆ ಕೋಬೆ ನಗರದ ಇಂಡಿಯನ್ ಅಂಗಡಿಗೆ ಹೋಗಿ ಬೇಳೆ, ಹುಣಸೆಹಣ್ಣು, ಕರಿಬೇವು ತರುತ್ತಿದ್ದೆವು. ಈಗ ಊರು ಬಿಟ್ಟು ಹೋಗಬೇಡಿ ಎಂದು ಕಂಪನಿಯ ಆದೇಶ. ಸೂಪರ್‌ಮಾರ್ಕೆಟ್ಟಿನಲ್ಲಿ ಪಾಲಕ್ಕಿನ ನಾಲ್ಕು ಎಲೆಗೆ ಬಂಗಾರದ ಮರ್ಯಾದೆ. ಬಸ್ಸಾರು ಎಂದು ನೆನೆದರೇ ನನ್ನ ಹೆಂಡತಿ ನಿಟ್ಟುಸಿರು ಬಿಡುತ್ತಿದ್ದಳು. ಹೀಗಿರುವಾಗ ಒಂದು ಸಂಜೆ ಸರೋವರದ ದಡದಲ್ಲಿ ನಡೆಯುತ್ತಿದ್ದಾಗ ನಾನು ನಿಂತುಬಿಟ್ಟೆ. ನೀರಂಚಿಗೆ ಹಚ್ಚಹಸಿರಾಗಿ, ಗೆಣ್ಣು ಗೆಣ್ಣಿಗೆ ಜೋಡಿ ಎಲೆ, ಬಿಳಿಯ ಪುಟ್ಟ ಹೂವು. ಹೊನಗೊನ್ನೆ.

ಅಷ್ಟು ಸಂತೋಷ ನನಗೆ ಪ್ರಮೋಷನ್ ಬಂದಾಗಲೂ ಆಗಿರಲಿಲ್ಲ. ಒಂದು ಚೀಲ ತುಂಬ ಕಿತ್ತು ತಂದೆ. ಹೆಂಡತಿ ನೋಡಿ ಮೊದಲು ನಂಬಲಿಲ್ಲ, ಆಮೇಲೆ ಬೇಳೆ ತೊಳೆಯಲು ಹೋದಳು. ಅಂದು ಬಸ್ಸಾರು, ಮರುದಿನ ಪಲ್ಯ. ಎಲೆ ಬಿಡಿಸಿಕೊಂಡ ಮೇಲೆ ದಂಟನ್ನು ಎಸೆಯುವ ಜನ ನಾವಲ್ಲ. ಹೊನಗೊನ್ನೆಯ ದಂಟನ್ನು ಒದ್ದೆ ಮಣ್ಣಿಗೆ ಸಿಕ್ಕಿಸಿದರೆ ಮತ್ತೆ ಚಿಗುರುತ್ತದೆ, ಅದನ್ನು ನಮ್ಮ ಮನೆಗಳಲ್ಲಿ ಯಾರೂ ಯಾರಿಗೂ ಕಲಿಸುವುದಿಲ್ಲ, ಹಾಗೇ ಬಂದುಬಿಡುತ್ತದೆ. ಹಿತ್ತಲಿನ ಥರ್ಮೋಕೋಲ್ ಪೆಟ್ಟಿಗೆಗಳಲ್ಲಿ ಒಂದಷ್ಟು ಸಿಕ್ಕಿಸಿದೆ. ಮಿಕ್ಕದ್ದನ್ನು ಕಾಲುವೆಯ ಅಂಚಿನುದ್ದಕ್ಕೂ ಸಾಲಾಗಿ ನೆಟ್ಟೆ. ಬೋಳು ದಂಡೆ ಹಸಿರಾದೀತು, ಹಳ್ಳಿಗೆ ನನ್ನದೂ ಒಂದು ಸೇವೆ ಇರಲಿ ಎಂಬ ಭಾವನೆ ಬೇರೆ. ಪಲ್ಯದ ಒಂದು ಡಬ್ಬಿ ಅಜ್ಜಿಯ ಹೊಸಿಲ ಮೇಲೆ ಇಟ್ಟು ಬಂದೆ. ಡಬ್ಬಿ ತೊಳೆದು, ಒಳಗೆ ನಾಲ್ಕು ಮೂಲಂಗಿ ಉಪ್ಪಿನಕಾಯಿ ತುಂಡಿನೊಂದಿಗೆ ವಾಪಸು ಬಂತು.

ಭಾಷಣದ ಪ್ರಸಂಗ ಬಂದದ್ದು ಆಮೇಲೆ. ಎಲ್ಲರೂ ಮನೆಯಲ್ಲೇ ಕೂತಿದ್ದರಿಂದ ಉರಯಾಸು, ಕೋಬೆ, ಒಕಾಜಾಕಿಯ ಕನ್ನಡದವರೆಲ್ಲ ಸೇರಿ ತಿಂಗಳಿಗೊಂದು ಭಾನುವಾರ ಆನ್‌ಲೈನ್ ಕೂಟ ನಡೆಸುತ್ತಿದ್ದರು. ಸರೋವರದ ಪಕ್ಕ ಇರುವವನು ನಾನೊಬ್ಬನೇ ಆದ್ದರಿಂದ ಕೆರೆಗಳ ಬಗ್ಗೆ ಮಾತಾಡಿ ಎಂದರು. ನಾನು ಹುಟ್ಟಿ ಬೆಳೆದ ಬಡಾವಣೆಯ ಕೆರೆ ಈಗ ಬಸ್ ಡಿಪೋ. ಅದರ ಪಕ್ಕದ್ದು ನೊರೆ ಕಾರುತ್ತದೆ. ಅಷ್ಟು ಸಾಮಗ್ರಿ ಇದ್ದ ಮೇಲೆ ಕೇಳಬೇಕೆ. ನಾವು ಕೆರೆಗಳನ್ನು ಕೊಂದವರು, ಇವರು ಕಾಪಾಡಿಕೊಂಡವರು, ಇಲ್ಲಿ ಒಂದೊಂದು ಕಾಗದವನ್ನೂ ಪ್ರತಿಯೊಬ್ಬರೂ ಓದಿ ಮುದ್ರೆ ಒತ್ತುತ್ತಾರೆ, ನಾಗರಿಕ ಪ್ರಜ್ಞೆ ಅಂದರೆ ಅದು, ಎಂದು ಮುಕ್ಕಾಲು ಗಂಟೆ ಬಾರಿಸಿದೆ. ನನ್ನ ಬೆನ್ನ ಹಿಂದೆ ಪರದೆಗೆ ಸರೋವರದ ಫೋಟೋ ಹಾಕಿಕೊಂಡಿದ್ದೆ. ಪ್ರಶ್ನೆ ಕೇಳಿ ಅಂದಾಗ ಮೊದಲು ಕೈಯೆತ್ತಿದವನು ಒಕಾಜಾಕಿಯ ಯುವ ವಿಜ್ಞಾನಿ.

"ಸರ್, ಟಾಕ್ ಸೂಪರ್ ಆಗಿತ್ತು. ನಿಮ್ ಬ್ಯಾಕ್‌ಗ್ರೌಂಡಲ್ಲಿ ಆ ಕೆಳಗಡೆ ಇದ್ಯಲ್ಲ ಗಿಡ, ಅದು ಏನು?"

"ಹೊನಗೊನ್ನೆ ಕಣಪ್ಪ. ಇಲ್ಲಿ ದಂಡಿಯಾಗಿ ಬೆಳೆಯುತ್ತೆ."

ಅಲ್ಲಿಗೆ ಕೆರೆಯ ವಿಷಯ ಮುಗಿಯಿತು. ಎಲ್ಲರೂ ಒಟ್ಟಿಗೆ ಮ್ಯೂಟ್ ತೆಗೆದರು. ಉರಯಾಸುವಿನ ಒಬ್ಬ ಗೃಹಿಣಿ, "ಸರ್, ನಮ್ಮನೇಲಿ ಎಲ್ರೂ ಡೇ ಫುಲ್ ಸ್ಕ್ರೀನ್ ಮುಂದೆ. ಕಣ್ಣಿಗೆ ಹೊನಗೊನ್ನೆ ತುಂಬ ಒಳ್ಳೇದಂತೆ ಅಲ್ವಾ? ಸ್ವಲ್ಪ ಕಳಿಸ್ತೀರಾ?" ಎಂದರು. ಕಳಿಸಿದೆ. ಒದ್ದೆ ಪೇಪರಿನಲ್ಲಿ ಸುತ್ತಿ, ಬೇರಿನ ಸಮೇತ, ಏಳು ಮನೆಗಳಿಗೆ ಪಾರ್ಸೆಲ್ ಮಾಡಿದೆ. ಕೊಂಬಿನಿಯ, ಅಂದರೆ ಪಾರ್ಸೆಲ್ಲನ್ನೂ ತೆಗೆದುಕೊಳ್ಳುವ ದಿನಸಿ ಅಂಗಡಿಯ, ಹುಡುಗಿ ಒಳಗೇನಿದೆ ಎಂದು ಕೇಳಿದಾಗ ತರಕಾರಿ ಎಂದೆ. ಅರಿಗಾತೋ ಎಂದು ಬಾಗಿ ತೆಗೆದುಕೊಂಡಳು.

ಅನುಮಾನ ಮೊದಲು ಬಂದದ್ದು ನನ್ನ ಹೆಂಡತಿಗೆ. ಎರಡನೆಯ ವರ್ಷದ ಬೇಸಿಗೆಯಲ್ಲಿ ಸೊಪ್ಪು ಬಿಡಿಸುತ್ತಾ, "ರೀ, ನಮ್ಮೂರಿನ ಹೊನಗೊನ್ನೆ ಹೂವು ಗೆಣ್ಣಿಗೇ ಅಂಟ್ಕೊಂಡಿರುತ್ತಲ್ವಾ? ಇದಕ್ಕೆ ನೋಡಿ, ಇಷ್ಟುದ್ದ ತೊಟ್ಟು," ಎಂದಳು.

"ಜಪಾನಿನ ಮಣ್ಣು ಕಣೇ. ಇಲ್ಲಿ ಎಲ್ಲಾ ಸ್ವಲ್ಪ ನೀಟಾಗಿ ಬೆಳೆಯುತ್ತೆ."

"ದಂಟು ಬೇರೆ ಟೊಳ್ಳು. ಪೈಪ್ ಥರ ಇದೆ."

"ತಿನ್ನಕ್ಕೆ ಚೆನ್ನಾಗಿದ್ಯೋ ಇಲ್ವೋ?"

ಚೆನ್ನಾಗಿಯೇ ಇತ್ತು. ಅವಳು ಮತ್ತೆ ಸೊಪ್ಪು ಬಿಡಿಸತೊಡಗಿದಳು. ಅಷ್ಟು ಹೊತ್ತಿಗೆ ನಾನು ನೆಟ್ಟ ಸಾಲು ದಂಡೆ ಬಿಟ್ಟು ನೀರಿನ ಮೇಲೆ ಚಾಪೆಯಂತೆ ಹಾಸಿಕೊಂಡು ಅಜ್ಜಿಯ ಗದ್ದೆಯ ಬದುವಿನವರೆಗೂ ಹೋಗಿತ್ತು. ಎಷ್ಟು ಚೆನ್ನಾಗಿ ಹಬ್ಬಿದೆ ಎಂದು ನಾನು ಹೆಮ್ಮೆಯಿಂದಲೇ ನೋಡುತ್ತಿದ್ದೆ.

ಆ ಸೆಪ್ಟೆಂಬರಿನ ಒಂದು ಭಾನುವಾರ ಬೆಳಿಗ್ಗೆ ಹಳ್ಳಿಯ ಎಲ್ಲ ಮನೆಯಿಂದ ಒಬ್ಬೊಬ್ಬರು ಕಾಲುವೆಯ ಹತ್ತಿರ ಬರಬೇಕೆಂದು ಧ್ವನಿವರ್ಧಕದಲ್ಲಿ ಕೂಗಿದರು. ಮಾಸ್ಕು, ಗಮ್‌ಬೂಟು, ಕೈಗವಸು ತೊಟ್ಟು ಎಲ್ಲರಿಗಿಂತ ಮೊದಲು ಹೋಗಿ ನಿಂತೆ. ಪರಿಸರದ ಕೆಲಸವೆಂದರೆ ನಾನು ಹಿಂದೆ ಬೀಳುವವನಲ್ಲ ಎಂದು ಅಷ್ಟರಲ್ಲಿ ಮೂರು ಊರಿನ ಕನ್ನಡಿಗರಿಗೆ ಗೊತ್ತಿತ್ತಲ್ಲ. ಸಂಘದ ಅಧ್ಯಕ್ಷರು, ನಾವೆಲ್ಲ ಕಾಯ್ಚೋ-ಸಾನ್ ಎಂದು ಕರೆಯುವವರು, ಒಂದು ಬಣ್ಣದ ಫೋಟೋ ಎತ್ತಿ ತೋರಿಸಿದರು. ಇನ್ನೊಂದು ಕೈಯಲ್ಲಿ ಆಗಷ್ಟೇ ಕಿತ್ತ ಗಿಡ. ಗೆಣ್ಣು ಗೆಣ್ಣಿಗೆ ಜೋಡಿ ಎಲೆ, ಉದ್ದ ತೊಟ್ಟಿನ ಬಿಳಿ ಹೂವು.

ಅವರು ನಿಧಾನವಾಗಿ, ನನಗೂ ಅರ್ಥವಾಗಲಿ ಎಂದು ಇನ್ನೂ ನಿಧಾನವಾಗಿ ವಿವರಿಸಿದರು. ಇದು ದಕ್ಷಿಣ ಅಮೆರಿಕದ ಕಳೆ. ಬೆರಳುದ್ದದ ತುಂಡು ಬಿದ್ದರೂ ಅಲ್ಲೇ ಬೇರು ಬಿಡುತ್ತದೆ. ನೀರಿನ ದಾರಿ ಕಟ್ಟುತ್ತದೆ, ಗದ್ದೆಗೆ ನುಗ್ಗಿದರೆ ಪೈರನ್ನು ಮುಚ್ಚಿಬಿಡುತ್ತದೆ. ಇದನ್ನು ಬೆಳೆಸುವುದು, ಜೀವಂತ ಸಾಗಿಸುವುದು ಎರಡೂ ಕಾನೂನಿಗೆ ವಿರುದ್ಧ. ಕಳೆದ ವರ್ಷವೇ ರಟ್ಟಿನಲ್ಲಿ ಎಲ್ಲರೂ ಓದಿದ್ದೀರಿ.

ಎಲ್ಲರೂ ಹೌದೆಂದು ತಲೆಯಾಡಿಸಿದರು. ನಾನೂ ಆಡಿಸಿದೆ. ಹೊಟ್ಟೆಯಲ್ಲಿ ಹಿಂದಿನ ದಿನದ ಬಸ್ಸಾರು ಇತ್ತು.

ಸಾಲಾಗಿ ನೀರಿಗೆ ಇಳಿದೆವು. ಒಂದು ತುಂಡೂ ತೇಲಿಹೋಗದಂತೆ ಕೆಳಗಡೆ ಬಲೆ ಕಟ್ಟಿದ್ದರು. ಕಿತ್ತದ್ದನ್ನು ಮಗುವನ್ನು ಎತ್ತಿದ ಹಾಗೆ ಎರಡೂ ಕೈಯಲ್ಲಿ ಎತ್ತಿ ಚೀಲಕ್ಕೆ ಹಾಕಬೇಕು. ಅಜ್ಜಿ ಬದುವಿನ ಮೇಲೆ ಕುಕ್ಕರುಗಾಲಲ್ಲಿ ಕೂತು, ಜಾರಿದ ಎಲೆಗಳನ್ನು ಚಿಮಟದಿಂದ ಒಂದೊಂದಾಗಿ ಹೆಕ್ಕುತ್ತಿದ್ದರು. ನಾನು ಹುಚ್ಚು ಹಿಡಿದವನಂತೆ ಕಿತ್ತೆ. ಮಧ್ಯಾಹ್ನ ಎಲ್ಲರೂ ನನ್ನನ್ನು ಹೊಗಳಿದರು. ಇಂದೋ-ಸಾನ್ ಎಷ್ಟು ಶ್ರದ್ಧೆಯಿಂದ ಮಾಡುತ್ತಾರೆ ನೋಡಿ, ಎಂದರು. ಇಂಡಿಯಾದವರು ಎಂದರ್ಥ, ಆ ಹಳ್ಳಿಯಲ್ಲಿ ನನಗೆ ಅದೇ ಹೆಸರು.

ಮನೆಗೆ ಬಂದವನೇ ಹಿತ್ತಲ ಪೆಟ್ಟಿಗೆಗಳನ್ನೆಲ್ಲ ಒಳಗೆ ಸಾಗಿಸಿದೆ. ಕಸಕ್ಕೆ ಹಾಕುವಂತಿಲ್ಲ, ನೆಲಕ್ಕೆ ಹಾಕುವಂತಿಲ್ಲ. ಕೊನೆಗೆ ಹೆಂಡತಿ ಬೇರಿನ ಸಮೇತ ಕುಕ್ಕರಿಗೆ ತುಂಬಿ ಐದು ಸೀಟಿ ಕೂಗಿಸಿದಳು. ಆಮೇಲೆ ಏಳು ಮನೆಗಳಿಗೆ ಫೋನು. ಪ್ರತಿಯೊಬ್ಬರಿಗೂ, ಬೇಯಿಸಿ, ಪೂರ್ತಿ ಬೇಯಿಸಿ, ಎಂದು ಬೇಡಿಕೊಂಡೆ. ಉರಯಾಸುವಿನವರು, "ನೀವೇ ಅಲ್ವಾ ಸರ್ ಕಳಿಸಿದ್ದು? ಬಾಲ್ಕನಿ ತುಂಬ ಬಂದಿದೆ, ನಾಲ್ಕು ಜನಕ್ಕೆ ಕೊಡೋಣ ಅಂತಿದ್ದೆ," ಎಂದು ಬೇಜಾರು ಮಾಡಿಕೊಂಡರು. ಒಕಾಜಾಕಿಯ ವಿಜ್ಞಾನಿ, "ಸರ್, ನಾನು ಪ್ಲಾಂಟ್ ಬಯಾಲಜಿನೇ ಮಾಡಿರೋದು. ದಯವಿಟ್ಟು ಇದನ್ನ ಯಾರಿಗೂ ಹೇಳ್ಬೇಡಿ," ಎಂದ.

ನಾನೂ ಯಾರಿಗೂ ಹೇಳಲಿಲ್ಲ. ಕಾರಣಗಳು ಬೇಕಾದಷ್ಟಿದ್ದವು. ವೀಸಾ ನವೀಕರಣ ಹತ್ತಿರವಿತ್ತು. ಕಂಪನಿಗೆ ಕೆಟ್ಟ ಹೆಸರು ಬರುತ್ತದೆ. ದೇಶದ ಮಾನದ ಪ್ರಶ್ನೆ. ಮುಂದಿನ ಭಾನುವಾರ ಹೇಳೋಣ ಎಂದುಕೊಳ್ಳುವುದು, ಆ ಭಾನುವಾರ ಇನ್ನಷ್ಟು ಕಳೆ ಕಿತ್ತು ಇನ್ನಷ್ಟು ಹೊಗಳಿಸಿಕೊಂಡು ಬರುವುದು. ವರ್ಷದ ಕೊನೆಗೆ ಸಂಘದವರು ನನಗೆ ಸರೋವರದ ಚಿತ್ರವಿದ್ದ ಟವೆಲ್ ಉಡುಗೊರೆ ಕೊಟ್ಟರು. ಎರಡೂ ಕೈಯಲ್ಲಿ ತೆಗೆದುಕೊಂಡೆ.

ಜನವರಿಯಲ್ಲಿ ಮತ್ತೆ ರಟ್ಟು ಬಂತು. ಅಷ್ಟರಲ್ಲಿ ನನಗೆ ಕಾಗದವೆಂದರೆ ಭಯ ಹುಟ್ಟಿತ್ತು. ಆ ಹಳ್ಳಿಗೆ ಬಂದ ಮೇಲೆ ಮೊದಲ ಸಲ, ಫೋನು ಹಿಡಿದು ಕೂತು ಒಂದೊಂದು ಸಾಲನ್ನೂ ಓದಿದೆ. ಸಂಘದ ಸಭೆಯಲ್ಲಿ ನಮ್ಮ ಪಕ್ಕದ ಮನೆಯವರು ಎದ್ದು ನಿಂತು, ಕಳೆ ಹರಡಿದ್ದು ತಮ್ಮ ಗದ್ದೆಯ ಪಕ್ಕದಿಂದ, ಅದು ತಮ್ಮ ನಿರ್ಲಕ್ಷ್ಯ, ಎಲ್ಲ ಮನೆಯವರಿಗೂ ತೊಂದರೆ ಕೊಟ್ಟೆ ಎಂದು ಕ್ಷಮೆ ಕೇಳಿದ್ದಾರೆ. ಉಳಿದ ತುಂಡುಗಳು ಏರಿದ ನೀರಿನ ಜೊತೆ ಗದ್ದೆಗಳಿಗೆ ನುಗ್ಗಬಾರದೆಂದು ಈ ವಸಂತದಲ್ಲಿ ಹಲಗೆ ಹಾಕದಿರಲು ಅವರೇ ಒಪ್ಪಿದ್ದಾರೆ. ಮತ್ತೆ ಯಾವಾಗ ಹಾಕುವುದೆಂದು ಕಳೆ ಪೂರ್ತಿ ಹೋದ ಮೇಲೆ ನೋಡುವುದು. ಕೆಳಗೆ ಮುದ್ರೆಗಳ ಸಾಲು. ಅಜ್ಜಿಯ ಮುದ್ರೆಯ ಪಕ್ಕ ನನ್ನ ಚೌಕ ಖಾಲಿಯಿತ್ತು.

ನೆಲ ಬಾಯಿ ಬಿಟ್ಟಿದ್ದರೆ ಇಳಿದುಹೋಗುತ್ತಿದ್ದೆ. ರಟ್ಟು ಹಿಡಿದುಕೊಂಡೇ ಅವರ ಮನೆಗೆ ಹೋದೆ. ಎರಡು ವರ್ಷದ ಮೇಲೆ ಅವರ ಬಾಗಿಲು ತಟ್ಟಿದ್ದು ಅದೇ ಮೊದಲು. ಅವರು ಮಾಸ್ಕ್ ಹಾಕಿಕೊಂಡು ಬಂದು, ಎರಡು ಚಾಪೆ ದೂರದಲ್ಲಿ ಮಂಡಿಯೂರಿ ಕೂತರು. ನಾನು ಕಲಿತಿಟ್ಟುಕೊಂಡಿದ್ದ ವಾಕ್ಯಗಳೆಲ್ಲ ಮರೆತುಹೋದವು. ಗಿಡ ನನ್ನದು, ನೆಟ್ಟವನು ನಾನು, ತಿಂದವನೂ ನಾನು, ಎಂದೆ.

"ನಾನೂ ತಿಂದಿದ್ದೇನೆ," ಎಂದರು ಅಜ್ಜಿ. "ಎಳ್ಳು ಹಾಕಿದರೆ ಇನ್ನೂ ಚೆನ್ನಾಗಿರುತ್ತಿತ್ತು."

"ನಿಮಗೆ ಗೊತ್ತಿತ್ತಾ?"

"ಕಿತ್ತ ದಿನ ಎಲೆ ನೋಡಿ ಗೊತ್ತಾಯಿತು. ನಿಮ್ಮ ಮನೆಯ ಹಿಂದೆ ಸಾಲಾಗಿ ಇತ್ತು. ಕಳೆ ತಾನಾಗಿ ಸಾಲಾಗಿ ಬೆಳೆಯುವುದಿಲ್ಲ, ಇಂದೋ-ಸಾನ್."

"ಮತ್ತೆ ಯಾಕೆ ನಿಮ್ಮ ಮೇಲೆ ಹಾಕಿಕೊಂಡಿರಿ?"

ಅವರು ನನ್ನ ಕೈಯಲ್ಲಿದ್ದ ರಟ್ಟಿನ ಕಡೆ ನೋಡಿದರು. "ಇದನ್ನು ಯಾವಾಗಲೂ ನಾನೇ ನಿಮ್ಮ ಬಾಗಿಲಿಗೆ ತಂದು ಹೇಳುತ್ತಿದ್ದೆ. ನಿಮಗೆ ಓದಲು ಬರುವುದಿಲ್ಲವೆಂದು ಗೊತ್ತಿದ್ದವಳು ನಾನೊಬ್ಬಳೇ. ಆ ಸಲ ಕಾಯಿಲೆಗೆ ಹೆದರಿ ಡಬ್ಬಿಗೆ ಹಾಕಿ ಬಂದೆ. ಹೇಳಬೇಕಾದವಳು ಹೇಳಲಿಲ್ಲ. ನಿರ್ಲಕ್ಷ್ಯ ನನ್ನದೇ."

ನನಗೆ ಅಳು ಬಂತು. ಮಾಸ್ಕ್ ಇದ್ದದ್ದರಿಂದ ಅರ್ಧ ಮಾನ ಉಳಿಯಿತು.

ಅಲ್ಲಿಂದ ನೇರವಾಗಿ ಕಾಯ್ಚೋ-ಸಾನ್ ಮನೆಗೆ ಹೋಗಿ ಎಲ್ಲ ಹೇಳಿದೆ. ಅವರು ಹಲ್ಲಿನ ನಡುವೆ ಉಸಿರೆಳೆದುಕೊಂಡರು. ಅವರಿಗೂ ಗೊತ್ತಿತ್ತಂತೆ. ಕಾಲುವೆಗೆ ಇಳಿದ ಎಲ್ಲರಿಗೂ ಗೊತ್ತಿತ್ತು. ನಾನೇ ಬಂದು ಹೇಳುತ್ತೇನೆಂದು ಒಂದು ಭಾನುವಾರ ಕಾದರು, ಎರಡು ಕಾದರು, ಟವೆಲ್ ಕೊಟ್ಟೂ ನೋಡಿದರು. ನಾನು ಹೇಳಲಿಲ್ಲ, ಅಜ್ಜಿ ಎದ್ದು ನಿಂತರು. ಈಗ ಅದನ್ನು ತಿದ್ದಿದರೆ ಆಕೆ ಎಲ್ಲರೆದುರು ಸುಳ್ಳು ಹೇಳಿದಂತೆ ಆಗುತ್ತದೆ, ಎಂದರು. ಆಮೇಲೆ ರಟ್ಟನ್ನು ನನ್ನ ಕಡೆ ತಿರುಗಿಸಿ, ಖಾಲಿ ಚೌಕದ ಮೇಲೆ ಬೆರಳಿಟ್ಟು, ಓದಿದ್ದೀರಾ ಎಂದು ಕೇಳಿದರು. ಓದಿದ್ದೇನೆ ಎಂದೆ. ಹಾಗಾದರೆ ಒತ್ತಿ, ಎಂದರು. ಜೇಬಿನಿಂದ ಮುದ್ರೆ ತೆಗೆದು ಒತ್ತಿದೆ.

ಮುಂದಿನ ತಿಂಗಳ ರಟ್ಟು ಹಿಡಿದುಕೊಂಡು ಅಜ್ಜಿಯೇ ಬಂದು ಬಾಗಿಲು ತಟ್ಟಿದರು. ಮೊದಲಿನ ಹಾಗೆ ಕೈ ಬಾಯಿ ಎಲ್ಲ ಬಳಸಿ ವಿವರಿಸಿದರು. ನಾನು ಅದಾಗಲೇ ಓದಲು ಕಲಿಯುತ್ತಿದ್ದೆ, ಆದರೂ ನಿಂತು ಕೇಳಿದೆ.

ಮೇ ತಿಂಗಳ ಮಳೆ ಜೋರಾಗಿ ಬಂದ ಒಂದು ಬೆಳಿಗ್ಗೆ ಅವರು ಕೊಡೆ ಹಿಡಿದು ಕಾಲುವೆಯ ಹತ್ತಿರ ನಿಂತಿರುವುದು ಅಡುಗೆಮನೆಯ ಕಿಟಕಿಯಿಂದ ಕಂಡಿತು. ನಾನೂ ಹೋದೆ. ಮೀನುಗಳು ಬಂದಿದ್ದವು. ಕೈಯಗಲದ ಗೆಂಡೆಗಳು, ಹೊಟ್ಟೆ ತುಂಬ ಮೊಟ್ಟೆ, ಹಲಗೆ ಇರುತ್ತಿದ್ದ ಜಾಗದಲ್ಲಿ ಗುಂಪಾಗಿ ತಡಕಾಡುತ್ತಿದ್ದವು. ಗದ್ದೆಯ ಬಾಯಿ ಮೊಳದೆತ್ತರದಲ್ಲಿತ್ತು. ಒಂದೊಂದು ಹಾರಿ ಕಾಂಕ್ರೀಟಿಗೆ ಬಡಿದು ಕೆಳಗೆ ಬೀಳುತ್ತಿತ್ತು, ಮತ್ತೆ ಹಾರುತ್ತಿತ್ತು. ಬಕೆಟ್ ತಂದು ನಾನೇ ಎತ್ತಿ ಹಾಕುತ್ತೇನೆ ಎಂದೆ. ಅಜ್ಜಿ ಬೇಡವೆಂದು ತಲೆಯಾಡಿಸಿದರು. ನೀರಿನ ಜೊತೆ ತುಂಡೂ ಬರುತ್ತದೆ, ಎಂದರು.

ಆಮೇಲೆ ಅವರು ಕೊಡೆ ಮಡಚಿ ಪಕ್ಕಕ್ಕಿಟ್ಟು, ಆಗಲೇ ಬಾಗಿದ್ದ ಬೆನ್ನನ್ನು ಇನ್ನೂ ಬಾಗಿಸಿ, ಮೀನುಗಳಿಗೆ ಸುಮಿಮಾಸೆನ್, ಕ್ಷಮಿಸಿ, ಎಂದರು. ಆ ಮಾತನ್ನು ನಾನು ದಿನಕ್ಕೆ ಐವತ್ತು ಸಲ, ಲಿಫ್ಟಿನಲ್ಲಿ, ಕೊಂಬಿನಿಯಲ್ಲಿ, ಯಾರದೋ ಭುಜ ತಾಕಿದಾಗ ಹೇಳುತ್ತಿದ್ದೆ. ಅಲ್ಲಿ ಬಾಯಿಗೆ ಬರಲಿಲ್ಲ. ಅವರ ಪಕ್ಕದಲ್ಲಿ ತಲೆ ತಗ್ಗಿಸಿ ನಿಂತು, ತಪ್ಪಾಯ್ತು ಎಂದೆ. ಮೀನುಗಳು ಇನ್ನೂ ಸ್ವಲ್ಪ ಹೊತ್ತು ಕಾಂಕ್ರೀಟಿಗೆ ಮೂತಿ ತಾಕಿಸುತ್ತಿದ್ದವು, ಆಮೇಲೆ ಒಂದೊಂದಾಗಿ ಸರೋವರದ ಕಡೆ ತಿರುಗಿ ಹೋದವು.